ಕಿವಿಯ ನಾಳದ ಗ್ರಂಥಿಗಡ್ಡೆ: ಇಬ್ಬರು ವೈದ್ಯರು, ಎರಡು ಅಭಿಪ್ರಾಯ. ನಿಮ್ಮ ಅನುಭವ ತಿಳಿಸುತ್ತೀರಾ?

ಕೇಳಿದವರು

ನನ್ನ ತಮ್ಮನಿಗೆ 43 ವರ್ಷ. ಎಡಗಿವಿ ಕಟ್ಟಿಕೊಂಡಂತಿದೆ ಎಂದು ಒಂದು ವರ್ಷದಿಂದ ಹೇಳುತ್ತಿದ್ದ. ಗುಗ್ಗೆ ತೆಗೆಸಿದ್ದಾಯಿತು, ಸೋಂಕೆಂದು ಮೂರು ಬಗೆಯ ಹನಿ ಹಾಕಿದ್ದಾಯಿತು. ನಾಲ್ಕು ತಿಂಗಳಿನಿಂದ ನೋವೂ ಸೇರಿಕೊಂಡಿದೆ, ರಾತ್ರಿ ಹೆಚ್ಚು. ಕೊನೆಗೆ ನಾಳದ ಹೊರಭಾಗದಲ್ಲಿ, ಚರ್ಮದ ಕೆಳಗೆ, ಅರ್ಧ ಸೆಂಟಿಮೀಟರಿನಷ್ಟು ಗಂಟು ಕಂಡು ಬಯಾಪ್ಸಿ ಮಾಡಿದರು. ವರದಿಯ ಸಾರ ಇಷ್ಟು: ಗುಗ್ಗೆ ಗ್ರಂಥಿಯ, ಅಂದರೆ ಸೆರುಮಿನಸ್ ಗ್ರಂಥಿಯ ಗಡ್ಡೆ. ತುಣುಕು ಚಿಕ್ಕದು, ಮೇಲ್ಪದರದ್ದು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಅಲ್ಲವೆಂದು ಖಚಿತವಾಗಿ ಹೇಳಲಾಗದು.

ಒಬ್ಬ ವೈದ್ಯರು ಗಂಟನ್ನಷ್ಟೇ ತೆಗೆದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ನಾಳವನ್ನು ಮೂಳೆಸಹಿತ ತೆಗೆಯಬೇಕು, ಕೆನ್ನೆಯ ಪರೋಟಿಡ್ ಎಂಬ ಜೊಲ್ಲಿನ ಗ್ರಂಥಿಯ ಒಂದು ಭಾಗವನ್ನೂ ತೆಗೆಯಬೇಕು, ಆಮೇಲೆ ರೇಡಿಯೇಷನ್ ಬೇಕು ಎನ್ನುತ್ತಾರೆ. ಇಷ್ಟು ಅಂತರವಿದ್ದರೆ ಯಾರನ್ನು ನಂಬುವುದು? ಇಂಥ ಗಡ್ಡೆಯನ್ನು ಅನುಭವಿಸಿದವರು ದಯವಿಟ್ಟು ಬರೆಯಿರಿ.

ಅಡಿನೋಮಾ ತೆಗೆಸಿಕೊಂಡವರು

ಅಕ್ಕಾ, ಒಂದು ವರ್ಷ ವ್ಯರ್ಥವಾಯಿತೆಂದು ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ನನ್ನ ಹದಿನಾಲ್ಕು ತಿಂಗಳು ಹನಿ ಔಷಧಿಯಲ್ಲೇ ಕಳೆದವು. ಈ ಗಡ್ಡೆ ಎಷ್ಟು ಅಪರೂಪವೆಂದರೆ ನನ್ನನ್ನು ನೋಡಿದ ಮೂವರು ವೈದ್ಯರಲ್ಲಿ ಇಬ್ಬರು ಅದನ್ನು ಮೊದಲ ಬಾರಿಗೆ ಕಂಡದ್ದು ನನ್ನ ಕಿವಿಯಲ್ಲಿಯೇ.

ನನ್ನದು ಸೆರುಮಿನಸ್ ಅಡಿನೋಮಾ, ಕ್ಯಾನ್ಸರ್ ಅಲ್ಲ. ನೋವು ಒಂದು ದಿನವೂ ಇರಲಿಲ್ಲ. ಕಿವಿ ಮಂದವಾಗಿತ್ತು, ಆಗಾಗ ಸೋರುತ್ತಿತ್ತು, ಅಷ್ಟೇ. ಗಂಟನ್ನು ಸುತ್ತಲಿನ ಆರೋಗ್ಯವಂತ ಚರ್ಮದ ಅಂಚಿನೊಂದಿಗೆ ತೆಗೆದು, ಬರಿದಾದ ಜಾಗಕ್ಕೆ ಬೇರೆಡೆಯ ತೆಳುಚರ್ಮ ಹಚ್ಚಿದರು. ಕ್ಯಾನ್ಸರ್ ಅಲ್ಲದಿದ್ದರೂ ಅಂಚು ಏಕೆ ಬೇಕು ಎಂದು ಕೇಳಿದ್ದೆ. ಈ ಗಡ್ಡೆಗೆ ಸುತ್ತ ಕವಚವಿಲ್ಲ, ಒಂದಿಷ್ಟು ಉಳಿದರೂ ಮತ್ತೆ ಬೆಳೆಯುತ್ತದೆ ಎಂದರು. ಅಂಚು ಸ್ವಚ್ಛವಾಗಿದೆ, ಅಂದರೆ ಅಲ್ಲಿ ಗಡ್ಡೆಯ ಅಂಶವಿಲ್ಲ ಎಂಬ ವರದಿ ಕೈಗೆ ಬರುವವರೆಗೆ ನಾನು ನಿರಾಳವಾಗಲಿಲ್ಲ.

ನನಗೆ ನಿಜವಾಗಿ ಕಷ್ಟ ಕೊಟ್ಟದ್ದು ಆಮೇಲಿನ ದಿನಗಳು. ಗಾಯ ಮಾಯುತ್ತಾ ನಾಳ ಕಿರಿದಾಗತೊಡಗಿತು. ನಾಳ ಕಿರಿದಾಗದಂತೆ ಒಳಗಿಟ್ಟ ಬತ್ತಿ ಬೇಗ ಜಾರಿ ಬಂದಾಗ ನಾನು ಎರಡು ವಾರ ಸುಮ್ಮನಿದ್ದುಬಿಟ್ಟೆ, ಅದೇ ತಪ್ಪಾಯಿತು. ಬತ್ತಿ ಬಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಈಗ ಆರು ವರ್ಷವಾಗಿದೆ, ಗಡ್ಡೆ ಮರಳಿಲ್ಲ. ಸಣ್ಣ ಗಂಟಿಗೆ ಸಣ್ಣ ಶಸ್ತ್ರಚಿಕಿತ್ಸೆಯೇ ಸಾಕಾಗಬಹುದು, ಆತುರಪಡಬೇಡಿ ಎಂಬುದು ನನ್ನ ಅಭಿಪ್ರಾಯ.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾದವರು, ಶಸ್ತ್ರಚಿಕಿತ್ಸೆಯಾಗಿ 9 ವರ್ಷ

ಮೇಲಿನ ತಂಗಿಯ ಅನುಭವವನ್ನು ಗೌರವಿಸುತ್ತೇನೆ. ಆದರೆ ಅವರೇ ಬರೆದಿರುವ ಒಂದು ಸಾಲನ್ನು ಮತ್ತೆ ಓದಿ: ಅವರಿಗೆ ನೋವು ಇರಲಿಲ್ಲ. ನಿಮ್ಮ ತಮ್ಮನಿಗಿದೆ, ನನಗೂ ಇತ್ತು. ನೋಡಿದರೆ ಗಂಟು ಇಷ್ಟೇ, ಮೇಲಿನ ಚರ್ಮ ನುಣುಪಾಗಿತ್ತು, ಮುಟ್ಟಿದರೆ ಮಾತ್ರ ಜೀವ ಹೋದಂತಾಗುತ್ತಿತ್ತು. ಈ ಕಾಯಿಲೆ ನರದ ಗುಂಟ ಹರಿಯುತ್ತದೆ, ಆ ನೋವಿನ ಮೂಲ ಅದೇ ಎಂದು ಆಮೇಲೆ ತಿಳಿಯಿತು. ನೋವಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಸೋಂಕಿನಿಂದಲೂ ನೋವು ಬರುತ್ತದೆ. ಆದರೆ ಹನಿಗೆ ಬಗ್ಗದ ನೋವು, ಅದರ ಜೊತೆಗೊಂದು ಗಂಟು, ಅದರ ಮೇಲೆ ಅನುಮಾನದ ವರದಿ. ಈ ಮೂರೂ ಕೂಡಿರುವಾಗ ಗಂಟನ್ನಷ್ಟೇ ಕಿತ್ತು ಮನೆಗೆ ಹೋಗುವುದನ್ನು ನಾನು ಒಪ್ಪಲಾರೆ.

ನನಗೆ ಆದದ್ದು ಹಾಗೆಯೇ. ಮೊದಲ ಆಸ್ಪತ್ರೆಯಲ್ಲಿ ಸಾಮಾನ್ಯ ಗಂಟೆಂದು ಕೆರೆದು ತೆಗೆದರು. ಸ್ಕ್ಯಾನ್ ಮಾಡಿಸಿರಲಿಲ್ಲ, ಅಂಚನ್ನು ಪರೀಕ್ಷಿಸಿರಲಿಲ್ಲ. ಹತ್ತು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಒಮ್ಮೆ ಕೈಯಾಡಿಸಿ ಕಲಕಿದ ಜಾಗದಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಮಾಡುವವರಿಗೆ ರೋಗದ ಗಡಿ ಎಲ್ಲಿದೆ ಎಂದು ಗುರುತಿಸುವುದೇ ಕಷ್ಟವಾಗುತ್ತದೆ. ಆದ್ದರಿಂದ ಮೊದಲು ರೋಗದ ಹೆಸರು ಖಚಿತವಾಗಲಿ, ಕತ್ತಿ ಆಮೇಲೆ. ಇಬ್ಬರು ವೈದ್ಯರಲ್ಲಿ ಒಬ್ಬರು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಒಬ್ಬರು ಅಡಿನೋಮಾ ಎಂದುಕೊಂಡು ಮಾತನಾಡುತ್ತಿದ್ದಾರೆ, ಇನ್ನೊಬ್ಬರು ಕಾರ್ಸಿನೋಮಾ ಎಂದುಕೊಂಡು. ಯಾವುದೆಂದು ಹೇಳಬೇಕಾದ ತುಣುಕು ಅದನ್ನು ಹೇಳಿಲ್ಲ.

ಎರಡನೆಯ ಬಾರಿ ನನಗೆ ಮಾಡಿದ್ದು ಲ್ಯಾಟರಲ್ ಟೆಂಪೊರಲ್ ಬೋನ್ ರಿಸೆಕ್ಷನ್. ಹೆಸರು ಕೇಳಿಯೇ ಹೆದರಿದ್ದೆ, ಆದ್ದರಿಂದ ಏನೆಂದು ಬಿಡಿಸಿ ಹೇಳುತ್ತೇನೆ. ಕಿವಿಯ ನಾಳವನ್ನು ಅದರ ಸುತ್ತಲಿನ ಮೂಳೆ, ಕಿವಿಯ ತಮಟೆ, ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಎರಡು ಪುಟ್ಟ ಮೂಳೆಗಳೊಂದಿಗೆ ಇಡಿಯಾಗಿ, ಒಂದೇ ತುಂಡಾಗಿ ತೆಗೆಯುತ್ತಾರೆ. ಒಳಗಿವಿಯನ್ನು ಮತ್ತು ಮುಖದ ನರವನ್ನು ಉಳಿಸುತ್ತಾರೆ. ಹೊರಗೆ ಕಾಣುವ ಕಿವಿ ನನಗೆ ಹಾಗೆಯೇ ಇದೆ. ನಾಳದ ಬಾಯಿಯನ್ನು ಹೊಲಿದು ಮುಚ್ಚಿದ್ದಾರೆ, ಒಳಗಿನ ಟೊಳ್ಳಿಗೆ ಹೊಟ್ಟೆಯ ಕೊಬ್ಬನ್ನು ತುಂಬಿದ್ದಾರೆ. ಕನ್ನಡಕ ಮೊದಲಿನಂತೆಯೇ ನಿಲ್ಲುತ್ತದೆ. ಎದುರು ಕುಳಿತವರಿಗೆ ಏನೂ ಗೊತ್ತಾಗುವುದಿಲ್ಲ.

ಪರೋಟಿಡ್ ಗ್ರಂಥಿ ಏಕೆ ಎಂಬ ಸಂಶಯ ನಿಮಗೂ ಬಂದಿರಬಹುದು. ನಾಳದ ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ. ಗುಗ್ಗೆ ಗ್ರಂಥಿಗಳಿರುವುದೂ ಅಲ್ಲಿಯೇ. ಆ ಮೃದ್ವಸ್ಥಿಯಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿರುತ್ತವೆ, ಸ್ಯಾಂಟೊರಿನಿಯ ಬಿರುಕುಗಳೆಂದು ಅವಕ್ಕೆ ಹೆಸರು. ಅವುಗಳ ಆಚೆಗೆ ಪರೋಟಿಡ್ ಗ್ರಂಥಿ ಒತ್ತಿಕೊಂಡೇ ಇರುತ್ತದೆ. ಗಡ್ಡೆ ಆ ಸೀಳಿನಲ್ಲಿ ನುಸುಳಿದರೆ ಕಿವಿಯೊಳಗೆ ಟಾರ್ಚ್ ಹಿಡಿದು ಎಷ್ಟು ಹೊತ್ತು ನೋಡಿದರೂ ಕಾಣುವುದಿಲ್ಲ.

ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 60 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ). ಶುರುವಾಗುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿಬಿಡಿ, ಕೆಟ್ಟ ಹಲ್ಲಿದ್ದರೆ ಆಗಲೇ ತೆಗೆಸಿ. ರೇಡಿಯೇಷನ್ ತಗುಲಿದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಸುಲಭವಾಗಿ ಮಾಯುವುದಿಲ್ಲ. ದವಡೆಯ ಕೀಲು ಕಿವಿನಾಳದ ಮುಂದೆಯೇ ಇರುವುದರಿಂದ ಬಾಯಿ ಬಿಗಿಯುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ಮೊದಲ ದಿನದಿಂದಲೇ ಮಾಡಲಿ. ನಾನು ಮೂರನೆಯ ವಾರದಲ್ಲಿ ಆಲಸ್ಯ ಮಾಡಿದೆ. ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಒಂದೂವರೆ ಬೆರಳಿಗೆ ಇಳಿಯಿತು, ಮರಳಿ ಪಡೆಯಲು ವರ್ಷ ಹಿಡಿಯಿತು.

ಕೊನೆಯದಾಗಿ, ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ಮಾತು ಈ ಕಾಯಿಲೆಗೆ ಹೊಂದುವುದಿಲ್ಲ. ಇದು ನಿಧಾನಿ. ಹತ್ತು ವರ್ಷದ ಮೇಲೂ ಮರಳಬಹುದು. ಕುತ್ತಿಗೆಯ ದುಗ್ಧಗ್ರಂಥಿಗಳಿಗಿಂತ ಶ್ವಾಸಕೋಶಕ್ಕೆ ಹೋಗುವುದೇ ಹೆಚ್ಚು. ನಾನು ವರ್ಷಕ್ಕೊಮ್ಮೆ ಎದೆಯ ಸಿ.ಟಿ. ಮತ್ತು ಕಿವಿಭಾಗದ ಎಂ.ಆರ್.ಐ. ಮಾಡಿಸುತ್ತೇನೆ. ಪ್ರತಿ ಬಾರಿ ವರದಿ ಬರುವ ಹಿಂದಿನ ರಾತ್ರಿ ನಿದ್ರೆ ಬರುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ಈ ಒಂಬತ್ತು ವರ್ಷ ನಾನು ಕೆಲಸ ಮಾಡಿದ್ದೇನೆ, ಮಗಳ ಮದುವೆ ಮಾಡಿದ್ದೇನೆ.

ರೋಗನಿದಾನ ಪ್ರಯೋಗಾಲಯದಲ್ಲಿ ಸ್ಲೈಡ್ ಓದುವವರು

ಬಯಾಪ್ಸಿ ವರದಿಯ ಮೇಲೆ ಇಷ್ಟು ಭಾರ ಬಿದ್ದಿರುವುದರಿಂದ ನಮ್ಮ ಮೇಜಿನ ಈ ಬದಿಯಿಂದ ಎರಡು ಮಾತು.

ಸೆರುಮಿನಸ್ ಅಡಿನೋಮಾದಲ್ಲಿ ಗ್ರಂಥಿಗಳ ಗೋಡೆ ಎರಡು ಪದರಗಳದ್ದು. ಒಳಪದರದ ಜೀವಕೋಶಗಳಲ್ಲಿ ಗುಗ್ಗೆಯ ಹೊಂಬಣ್ಣದ ಕಣಗಳು ಕಾಣಿಸಿದರೆ ನಮಗೆ ಧೈರ್ಯ. ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಜರಡಿಯಂತೆ ತೂತುತೂತಾದ ಗುಂಪುಗಳಿರುತ್ತವೆ, ನರದ ಸುತ್ತ ಸುತ್ತಿಕೊಂಡಿರುತ್ತವೆ. ಚಿತ್ರಪುಸ್ತಕದಲ್ಲಿ ಇವೆರಡೂ ಬೇರೆಬೇರೆಯೇ. ಆದರೆ ಎರಡು ಮಿಲಿಮೀಟರಿನ ಮೇಲ್ಪದರದ ಚೂರಿನಲ್ಲಿ ಗಡ್ಡೆಯ ತಳವೇ ಇರುವುದಿಲ್ಲ. ಅದು ಪಕ್ಕದ ಅಂಗಾಂಶವನ್ನು ತಳ್ಳಿದೆಯೋ ಕೊರೆದಿದೆಯೋ ಎಂದು ತಿಳಿಯುವುದು ತಳದಲ್ಲಿಯೇ. ಹೀಗಾಗಿ ‘ಹೇಳಲಾಗದು’ ಎಂದು ಬರೆದವರು ಪ್ರಾಮಾಣಿಕರು. ನಾನಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಿರಿ. ಬರಿಯ ವರದಿಯ ಪ್ರತಿ ಸಾಲದು. ತಲೆ ಮತ್ತು ಕುತ್ತಿಗೆಯ ಗಡ್ಡೆಗಳನ್ನೇ ಹೆಚ್ಚು ಓದುವ ತಜ್ಞರಿಗೆ ತೋರಿಸಿ. ಬ್ಲಾಕ್‌ನಲ್ಲಿ ಅಂಗಾಂಶ ಉಳಿದಿದ್ದರೆ ಸಿ.ಕೆ. 7, ಪಿ 63, ಎಸ್ 100 ಮುಂತಾದ ವಿಶೇಷ ಬಣ್ಣಗಳಿಂದ ಪದರಗಳನ್ನು ಬಿಡಿಸಿ ನೋಡಬಹುದು. ಎಂ.ವೈ.ಬಿ. ಎಂಬ ಜೀನಿನ ಮರುಜೋಡಣೆ ಕಂಡುಬಂದರೆ ಅಡಿನಾಯ್ಡ್ ಸಿಸ್ಟಿಕ್ ಎನ್ನಲು ಬಲ ಬರುತ್ತದೆ. ಅದು ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದರ್ಥವಲ್ಲ. ಏನೇ ಆದರೂ ಆಳದ ಇನ್ನೊಂದು ತುಣುಕು ಬೇಕಾಗಬಹುದು, ಅದಕ್ಕೆ ಸಿದ್ಧರಿರಿ.

ಇನ್ನೊಂದು ಮುಖ್ಯ ಸಂಗತಿ. ಪರೋಟಿಡ್‌ನಲ್ಲಿ ಹುಟ್ಟಿದ ಗಡ್ಡೆ ಕಿವಿಯ ನಾಳಕ್ಕೆ ನುಗ್ಗಿ ಬಂದರೂ ಸೂಕ್ಷ್ಮದರ್ಶಕದಲ್ಲಿ ಇದೇ ರೂಪ. ಎಲ್ಲಿ ಹುಟ್ಟಿತೆಂದು ಸ್ಲೈಡ್ ಹೇಳದು, ಸ್ಕ್ಯಾನ್ ಹೇಳಬೇಕು. ಮೂಳೆ ಸವೆದಿದೆಯೇ ಎಂದು ತಿಳಿಯಲು ಕಿವಿಯ ಸುತ್ತಲಿನ ಟೆಂಪೊರಲ್ ಮೂಳೆಯ ತೆಳುಪದರಗಳ ಸಿ.ಟಿ., ನರ ಮತ್ತು ಮೃದುಭಾಗಕ್ಕೆ ಕಾಂಟ್ರಾಸ್ಟ್ ಹಾಕಿದ ಎಂ.ಆರ್.ಐ., ಎರಡೂ ಬೇಕು. ಸಾಧ್ಯವಾದರೆ ಮರುಬಯಾಪ್ಸಿಗೆ ಮೊದಲೇ ಮಾಡಿಸಿ. ಹಾಗೆಯೇ ಹಳೆಯ ಬರಹಗಳಲ್ಲಿ ‘ಸೆರುಮಿನೋಮಾ’ ಎಂಬ ಪದ ಕಂಡರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಸಾಧುಗಡ್ಡೆಯನ್ನೂ ಕ್ಯಾನ್ಸರನ್ನೂ ಒಂದೇ ಚೀಲಕ್ಕೆ ಹಾಕಿದ ಪದವದು.

ತಾಯಿಗೆ ನಡುಗಿವಿಯ ಗಡ್ಡೆಯಾಗಿದ್ದವರು

ನನ್ನದು ಚಿಕ್ಕ ಎಚ್ಚರಿಕೆ. ನಮ್ಮ ತಾಯಿಗೂ ‘ಕಿವಿಯ ಗ್ರಂಥಿಯ ಗಡ್ಡೆ’ ಎಂದೇ ಹೇಳಿದ್ದರು. ನಾವು ಗುಗ್ಗೆ ಗ್ರಂಥಿಯ ಕ್ಯಾನ್ಸರ್ ಕುರಿತು ಓದಿ ಓದಿ ಒಂದು ತಿಂಗಳು ಅತ್ತೆವು. ಅವರದು ತಮಟೆಯ ಹಿಂದಿದ್ದ ನಡುಗಿವಿಯ ಅಡಿನೋಮಾ, ಈಗ ಅದನ್ನು ನರ-ಅಂತಃಸ್ರಾವಕ (ನ್ಯೂರೋಎಂಡೋಕ್ರೈನ್) ಗಡ್ಡೆಗಳ ಸಾಲಿಗೆ ಸೇರಿಸಿದ್ದಾರೆ. ತಮಟೆಗೆ ಏನೂ ಆಗಿರಲಿಲ್ಲ, ಕಿವಿ ಮಾತ್ರ ಮಂದವಾಗಿತ್ತು. ಗಡ್ಡೆ ಅಂಟಿಕೊಂಡಿದ್ದ ಪುಟ್ಟ ಮೂಳೆಗಳೊಂದಿಗೆ ತೆಗೆದರು, ರೇಡಿಯೇಷನ್ ಬೇಕಾಗಲಿಲ್ಲ. ನಿಮ್ಮ ತಮ್ಮನ ದಾರಿ ಬೇರೆ. ಓದುವಾಗ ಹೊರಗಿವಿಯೋ ನಡುಗಿವಿಯೋ ಎಂದು ಮೊದಲು ನೋಡಿಕೊಳ್ಳಿ, ನಾವು ಪಟ್ಟ ಸಂಕಟ ನಿಮಗೆ ಬೇಡ.

ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ಋಣಿ. ಸ್ಲೈಡ್‌ಗಳನ್ನು ಮತ್ತೊಬ್ಬರು ಓದಿದರು, ಆಳದ ಬಯಾಪ್ಸಿಯೂ ಆಯಿತು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಎಂದೇ ಬಂದಿದೆ, ನರದ ಸುತ್ತಲೂ ಇದೆಯಂತೆ. ಎಂ.ಆರ್.ಐ.ಯಲ್ಲಿ ಪರೋಟಿಡ್‌ನ ಅಂಚಿಗೆ ತಾಗಿರುವುದು ಕಂಡಿದೆ. ಮೂಳೆ ಸವೆದಿಲ್ಲ, ಎದೆಯ ಸಿ.ಟಿ. ಸ್ವಚ್ಛವಾಗಿದೆ. ಸಣ್ಣ ಶಸ್ತ್ರಚಿಕಿತ್ಸೆ ಸಾಕೆಂದಿದ್ದ ವೈದ್ಯರು ಹೊಸ ವರದಿ ನೋಡಿ, ತಾವೇ ದೊಡ್ಡ ತಂಡಕ್ಕೆ ಪತ್ರ ಬರೆದುಕೊಟ್ಟರು. ಅವರ ಬಗ್ಗೆ ನನಗಿದ್ದ ಕೋಪ ಹೋಯಿತು. ಬುಧವಾರ ಶಸ್ತ್ರಚಿಕಿತ್ಸೆ.

ತಮ್ಮ ಎರಡೇ ಪ್ರಶ್ನೆ ಕೇಳುತ್ತಿದ್ದಾನೆ. ಆ ಕಿವಿ ಪೂರ್ತಿ ಕಿವುಡಾಗುತ್ತದೆಯೇ? ಮುಖ ಸೊಟ್ಟಗಾಗುತ್ತದೆಯೇ? ನನಗೆ ಉತ್ತರ ತಿಳಿಯದು.

ಶಸ್ತ್ರಚಿಕಿತ್ಸೆಯಾಗಿ 9 ವರ್ಷದವರು

ತಂಗೀ, ಅವನಿಗೆ ಇದನ್ನು ಓದಿ ಹೇಳಿ. ದಾರಿ ಮುಚ್ಚುವುದರಿಂದ ಆ ಕಿವಿಗೆ ಗಾಳಿಯ ಮೂಲಕ ಬರುವ ಶಬ್ದ ಬಹಳ ಕಡಿಮೆಯಾಗುತ್ತದೆ. ಆದರೆ ಒಳಗಿವಿ ಜೀವಂತವಾಗಿರುತ್ತದೆ. ಮೂಳೆಯ ಕಂಪನದಿಂದ ಕೇಳಿಸುವ ಶ್ರವಣ ಸಾಧನ ಅದನ್ನು ತಲುಪುತ್ತದೆ. ಮೊದಲು ತಲೆಗೆ ಕಟ್ಟುವ ಪಟ್ಟಿಯಲ್ಲಿ ಹಾಕಿ ನೋಡಲಿ. ಮೂಳೆಗೆ ಕೂರಿಸುವ ಬಗೆಯನ್ನು ಆರಿಸುವುದಾದರೆ, ಅದರಲ್ಲಿ ಅಯಸ್ಕಾಂತವಿದೆಯೇ ಎಂದು ಕೇಳಿ. ಇದ್ದರೆ ಎಂ.ಆರ್.ಐ.ಯಲ್ಲಿ ಅದೇ ಜಾಗಕ್ಕೆ ಕಪ್ಪು ನೆರಳು ಬೀಳುತ್ತದೆ, ನಾವು ವರ್ಷವರ್ಷವೂ ನೋಡಬೇಕಾದ ಜಾಗವೇ ಅದು.

ಮುಖದ ನರದ ಮೇಲೆ ಶಸ್ತ್ರಚಿಕಿತ್ಸೆಯುದ್ದಕ್ಕೂ ಯಂತ್ರದಿಂದ ನಿಗಾ ಇಡುತ್ತಾರೆ. ಆದರೂ ನರವೇ ರೋಗಕ್ಕೆ ಸಿಕ್ಕಿದ್ದರೆ ಏನು ಮಾಡುತ್ತಾರೆಂದು ಬುಧವಾರಕ್ಕೆ ಮೊದಲೇ, ತಮ್ಮನ ಎದುರಿನಲ್ಲಿಯೇ ಕೇಳಿ. ನನಗೆ ನರ ಉಳಿದರೂ ಮೂರು ತಿಂಗಳು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಹಗಲು ಕಣ್ಣಿಗೆ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯ ಮೇಲೆ ಅಂಟುಪಟ್ಟಿ. ಹೀಗೆ ಮಾಡದಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತದೆ. ಕಿವಿಯ ಹಾಲೆ ಜೋಮು ಹಿಡಿದಂತಿರುತ್ತದೆ, ಗಡ್ಡ ಹೆರೆಯುವಾಗ ಕೊಯ್ದುಕೊಂಡರೂ ತಿಳಿಯುವುದಿಲ್ಲ. ಕನ್ನಡಿ ನೋಡಿಯೇ ಹೆರೆಯಲಿ.

ಅವನು ಎಚ್ಚರಗೊಳ್ಳುವಾಗ ನೀವು ಮಂಚದ ಬಲಗಡೆ ಕುಳಿತಿರಿ. ಎಡಗಿವಿಯ ಮೇಲೆ ದಪ್ಪ ಕಟ್ಟು ಇರುತ್ತದೆ, ಆ ಕಡೆಯಿಂದ ಕರೆದರೆ ಅವನಿಗೆ ಕೇಳಿಸುವುದಿಲ್ಲ.