ಅಪ್‌ಡೇಟ್: ಬ್ಲಾಗಿನ ಕನ್ನಡ ವಿಳಾಸ ಕೊನೆಗೂ ಸರಿಹೋಯ್ತು

ಅಮ್ಮನ ಅಡುಗೆ ಬ್ಲಾಗಿನ ಲಿಂಕ್‌ಗಳು ಅರ್ಧಕ್ಕೇ ತುಂಡಾಗುತ್ತಿವೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರಣ ಸಿಕ್ಕಿತು.

ನಮ್ಮ ಬ್ಲಾಗ್ ನಡೆಯುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್. ಅದು ವಿಳಾಸಕ್ಕಾಗಿ ಕನ್ನಡ ಶೀರ್ಷಿಕೆಯನ್ನು %, ಅಂಕಿ, ಇಂಗ್ಲಿಷ್ ಅಕ್ಷರಗಳ ಕೋಡ್ ಮಾಡಿ ಇಟ್ಟುಕೊಳ್ಳುತ್ತದೆ. ಒಂದು ‘ಕ’ ಅಂದರೆ 9 ಕ್ಯಾರೆಕ್ಟರ್. ‘ತ್ತ’ ಒಂದಕ್ಕೇ 27! ಒಟ್ಟು ಮಿತಿ 200 ಕ್ಯಾರೆಕ್ಟರ್. ಹಾಗಾಗಿ ‘ಉತ್ತರ ಕರ್ನಾಟಕದ ಜೋಳದ ರೊಟ್ಟಿ ಮಾಡುವ ವಿಧಾನ’ ಅಂತ ಬರೆದರೆ ವಿಳಾಸ ‘ಉತ್ತರ-ಕರ್ನಾಟಕದ-ಜೋಳದ-ರೊಟ್’ ಅಂತ ನಿಂತುಬಿಡುತ್ತಿತ್ತು.

ಈಗ ಪರ್ಮಾಲಿಂಕ್ಸ್ (ಪೋಸ್ಟ್‌ಗಳ ಕಾಯಂ ವಿಳಾಸ) ಸೆಟ್ಟಿಂಗ್‌ನಲ್ಲಿ ‘ಪೋಸ್ಟ್ ನೇಮ್’ ಆರಿಸಿದ್ದೇನೆ. ಸ್ಲಗ್ (ವಿಳಾಸದಲ್ಲಿ ಬರುವ ಪೋಸ್ಟಿನ ಹೆಸರು) ಮಾತ್ರ ನಾನೇ ‘ಜೋಳದ-ರೊಟ್ಟಿ’ ಅಂತ ಚಿಕ್ಕದಾಗಿ ಬರೆಯುತ್ತೇನೆ. ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ ಅಂತ ಕೆಲವರು ಹೇಳಿದ್ದಿರಿ. ವಾಟ್ಸಾಪ್‌ನಲ್ಲಿ ಕಳಿಸುವಾಗ ಅದು ಚೊಕ್ಕವಾಗಿ ಕಾಣುತ್ತೆ, ನಿಜ. ಆದರೆ ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಿ ಅಂತ ಗೂಗಲ್ಲೇ ಹೇಳುತ್ತೆ. ನಮ್ಮ ಓದುಗರು ಕನ್ನಡದವರೇ ಅಲ್ವಾ?

ಹಳೆ ಲಿಂಕ್‌ಗಳು ಕೆಡುತ್ತವೇನೋ ಅನ್ನೋ ಭಯ ಜಾಸ್ತಿ ಇತ್ತು. ಆದರೆ ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಿಸಿದರೂ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ. ಅಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದ ಹೋಳಿಗೆ ಲಿಂಕ್ ಒತ್ತಿ ನೋಡಿದರು. ಸೀದಾ ತೆರೆಯಿತು.