ಕಿಲಿಮಂಜಾರೋ: ಐದು ದಿನವೋ, ಎಂಟು ದಿನವೋ?

ಕೇಳಿದವರು, ಮೈಸೂರು

ನನಗೆ 49 ವರ್ಷ, ಯಜಮಾನರಿಗೆ 54. ಬರುವ ಫೆಬ್ರವರಿಯಲ್ಲಿ ತಾಂಜಾನಿಯಾಕ್ಕೆ ಹೋಗಿ ಕಿಲಿಮಂಜಾರೋ ಹತ್ತಬೇಕೆಂದಿದ್ದೇವೆ. ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ, ಕುಮಾರ ಪರ್ವತ ಎರಡು ಸಲ ಆಗಿದೆ. ಏಜೆಂಟರು ಮರಂಗು ದಾರಿಯಲ್ಲಿ ಐದು ದಿನದ ಯೋಜನೆ ಕೊಟ್ಟಿದ್ದಾರೆ. ಲೆಮೋಶೋ ದಾರಿಯಲ್ಲಿ ಎಂಟು ದಿನವಾದರೆ ತಲೆಗೆ ಅರುವತ್ತು ಸಾವಿರ ಹೆಚ್ಚು. ಕೊಡುವುದು ದಂಡವೇ? ಇಳಿಯುವಾಗ ನನ್ನ ಎಡ ಮಂಡಿ ತಕರಾರು ಮಾಡುತ್ತದೆ. ಇಬ್ಬರೂ ಸಸ್ಯಾಹಾರಿಗಳು. ಹೋಗಿ ಬಂದವರು ಹೇಳಿ.

ಹುಬ್ಬಳ್ಳಿಯಿಂದ, ಎರಡು ಸಲ ಹೋದವರು

ಆ ಅರುವತ್ತು ಸಾವಿರ ಕೊಡಿ. ಬೂಟು, ಜಾಕೆಟ್ಟು, ಕ್ಯಾಮೆರಾ ಯಾವುದರಲ್ಲಾದರೂ ಉಳಿಸಿ, ದಿನಗಳಲ್ಲಿ ಮಾತ್ರ ಉಳಿಸಬೇಡಿ. ಇದನ್ನು ನಾನು ಕಲಿತದ್ದು ಸೋತು.

ಮೊದಲ ಸಲ ನಾನು ಹೋದದ್ದು ನಿಮ್ಮ ಏಜೆಂಟರು ಹೇಳಿದ ಐದು ದಿನದ ಮರಂಗು ದಾರಿಯಲ್ಲೇ. ಡೇರೆ ಬೇಡ, ಮರದ ಗುಡಿಸಲುಗಳಿವೆ, ದಾರಿಯೂ ಸಲೀಸು. ಮೊದಲ ರಾತ್ರಿ ಮಂಡಾರಾದಲ್ಲಿ, 2,720 ಮೀಟರ್. ಎರಡನೆಯ ರಾತ್ರಿ ಹೊರೊಂಬೋ, 3,720. ಮೂರನೆಯದು ಕಿಬೋ, 4,720. ದಿನಕ್ಕೆ ಸಾವಿರ ಮೀಟರಿನಂತೆ ಏರಿಸಿದರೆ ಕಾಲೇನೋ ಹತ್ತುತ್ತದೆ, ರಕ್ತ ಮಾತ್ರ ಎತ್ತರಕ್ಕೆ ಹೊಂದಿಕೊಳ್ಳುವುದಿಲ್ಲ. ಕಿಬೋದಲ್ಲಿ ಸೂಪಿನ ಎರಡನೆಯ ಚಮಚ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಮಧ್ಯರಾತ್ರಿ ಹಣೆಗೆ ದೀಪ ಕಟ್ಟಿಕೊಂಡು ಹೊರಟೆ. ಅಲ್ಲಿಂದ ಮುಂದೆ ದಾರಿಯೆಂದರೆ ಜ್ವಾಲಾಮುಖಿಯ ಬೂದಿ ಮತ್ತು ಪುಡಿಗಲ್ಲಿನ ರಾಶಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತೀರಿ. ರಾತ್ರಿಯಾದರೆ ಅದು ಹೆಪ್ಪುಗಟ್ಟಿ ಸ್ವಲ್ಪ ಗಟ್ಟಿಯಾಗಿರುತ್ತದೆ. 5,100 ಮೀಟರ್ ದಾಟಿದ ಮೇಲೆ ಒಂದು ಗುಹೆಯ ಬಳಿ ಕೂತೆ. ಜಾಕೆಟ್ಟಿನ ಜಿಪ್ಪು ಎಳೆಯಲು ನೋಡುತ್ತಿದ್ದೇನೆ, ಅದು ಎಲ್ಲಿದೆಯೆಂದೇ ತಿಳಿಯುತ್ತಿಲ್ಲ. ಗೈಡ್ ಮುಖಕ್ಕೆ ಬೆಳಕು ಹಿಡಿದು ನನ್ನ ಮಗಳ ಹೆಸರು ಕೇಳಿದ. ಹಿಂದಿನ ದಿನವಿಡೀ ಅವಳ ಕಥೆಯನ್ನೇ ಅವನಿಗೆ ಹೇಳಿದ್ದೆ. ಹೆಸರು ಬಾಯಿಗೆ ಬರಲಿಲ್ಲ. ಅವನು ಮತ್ತೇನೂ ಮಾತಾಡಲಿಲ್ಲ. ನನ್ನ ತೋಳು ಹಿಡಿದು ಕೆಳಮುಖವಾಗಿ ತಿರುಗಿಸಿದ. ಅಂದು ಮಧ್ಯಾಹ್ನ ಹೊರೊಂಬೋದಲ್ಲಿ ಎರಡು ತಟ್ಟೆ ಅನ್ನ ಉಂಡೆ. ಔಷಧವಿಲ್ಲ, ಏನಿಲ್ಲ, ಬರಿ ಇಳಿದದ್ದಕ್ಕೆ.

ಎರಡನೆಯ ಸಲ ಲೆಮೋಶೋ, ಎಂಟು ದಿನ. ಅಲ್ಲಿ ನಾಲ್ಕನೆಯ ದಿನ ನಿಮ್ಮನ್ನು 4,600 ಮೀಟರಿನ ಲಾವಾ ಟವರ್‌ವರೆಗೆ ಹತ್ತಿಸಿ, ಊಟ ಹಾಕಿ, ಸಂಜೆಗೆ 3,950ರ ಬರಾಂಕೋಗೆ ಇಳಿಸುತ್ತಾರೆ. ಹತ್ತಿದ್ದನ್ನೇಕೆ ಇಳಿಯಬೇಕೆಂದು ಗೊಣಗಬೇಡಿ. ಎತ್ತರಕ್ಕೆ ಹತ್ತಿ ತಗ್ಗಿನಲ್ಲಿ ಮಲಗುವುದಕ್ಕೇ ನೀವು ಹೆಚ್ಚಿನ ಹಣ ಕೊಟ್ಟಿರುವುದು. ಗೈಡುಗಳು ‘ಪೋಲೆ ಪೋಲೆ’ ಎನ್ನುತ್ತಲೇ ಇರುತ್ತಾರೆ. ಸ್ವಾಹಿಲಿಯಲ್ಲಿ ನಿಧಾನ, ನಿಧಾನ ಎಂದು. ಮದುವೆ ಮೆರವಣಿಗೆ ಹೊರಟ ಹಾಗೆ ನಡೆಯಬೇಕು. ಆ ಸಲ 5,895 ಮೀಟರಿನ ಉಹುರು ಶಿಖರದಲ್ಲಿ ಸೂರ್ಯ ಹುಟ್ಟಿದ್ದನ್ನು ನೋಡಿದೆ. ಮಗಳ ಹೆಸರನ್ನು ಕೂಗಿಯೇ ಹೇಳಿದೆ, ಗೈಡ್ ಮಾತ್ರ ಬೇರೆಯವನು.

ಶಿವಮೊಗ್ಗದಿಂದ, ವೈದ್ಯೆ

ಮೇಲಿನ ಗೈಡ್ ಮಾಡಿದ್ದು ಸರಿ. ಗೊಂದಲ, ಕುಡಿದವರಂತೆ ತೂರಾಡುವುದು, ಕುಳಿತಲ್ಲೇ ಏದುಸಿರು, ಕಫದ ಕೆಮ್ಮು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು, ತಕ್ಷಣ ಇಳಿಯಬೇಕು. ಬರಿ ತಲೆನೋವಾದರೆ ಇದ್ದ ಎತ್ತರದಲ್ಲೇ ನಿಂತು ನೋಡಬಹುದು.

ಚಾಮುಂಡಿ ಬೆಟ್ಟ ತೊಡೆಗೆ ಒಳ್ಳೆಯದು, ಎತ್ತರಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್; ಕಿಲಿಮಂಜಾರೋದಲ್ಲಿ ಮೊದಲ ದಿನವೇ ಅದನ್ನು ದಾಟುತ್ತೀರಿ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಮ್ಯಾರಥಾನ್ ಓಡುವ ಹುಡುಗರೂ ಅಲ್ಲಿ ಮುಗ್ಗರಿಸುತ್ತಾರೆ, ಏಕೆಂದರೆ ಗಟ್ಟಿಗರು ಬೇಗ ಬೇಗ ಹತ್ತಿಬಿಡುತ್ತಾರೆ.

ಅಸಿಟಜೋಲಮೈಡ್ ಮಾತ್ರೆಯ ಬಗ್ಗೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅದು ದೇಹ ಎತ್ತರಕ್ಕೆ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ, ಆದರೆ ಹೆಚ್ಚಿನ ದಿನಗಳಿಗೆ ಬದಲಿಯಾಗುವುದಿಲ್ಲ. ಬೆರಳು ಜುಮ್ಮೆನ್ನುತ್ತದೆ, ರಾತ್ರಿ ಮೂರು ಸಲ ಮೂತ್ರಕ್ಕೆಂದು ಡೇರೆಯಿಂದ ಎಬ್ಬಿಸುತ್ತದೆ. ಸಲ್ಫಾ ಅಲರ್ಜಿಯಿದ್ದರೆ, ರಕ್ತದೊತ್ತಡಕ್ಕೆ ಔಷಧ ನಡೆಯುತ್ತಿದ್ದರೆ ನಿಮ್ಮ ವೈದ್ಯರಿಗೆ ಮೊದಲೇ ಹೇಳಿ. ಅವರು ಒಪ್ಪಿದರೆ ಊರಲ್ಲೇ ಒಂದೆರಡು ದಿನ ನುಂಗಿ ನೋಡಿ. ಬೆಟ್ಟದ ಕೆಳಗಿನ ಮೋಶಿ, ಅರುಶಾಗಳಲ್ಲಿ ಮಲೇರಿಯಾ ಇದೆ, ಅದನ್ನೂ ಆಗಲೇ ಕೇಳಿ. ನೈರೋಬಿ ಅಥವಾ ಅಡಿಸ್ ಅಬಾಬ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೈಯಲ್ಲಿರಲಿ. ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪತ್ರಕ್ಕೆ ಬೆಲೆ.

ಮಂಗಳೂರಿನಿಂದ

ಮಂಡಿಯ ಮಾತಿಗೆ ಯಾರೂ ಉತ್ತರಿಸಲಿಲ್ಲವಲ್ಲ! ಶಿಖರ ಮುಟ್ಟಿದ ದಿನವೇ ಮ್ವೇಕಾ ಶಿಬಿರದವರೆಗೆ, ಅಂದರೆ 3,100 ಮೀಟರಿಗೆ ಇಳಿಸುತ್ತಾರೆ. ಕುಮಾರ ಪರ್ವತದ ತುದಿಯಿಂದ ಕುಕ್ಕೆಗೆ ಇಳಿಯುವುದರ ಸುಮಾರು ಒಂದೂಮುಕ್ಕಾಲು ಪಟ್ಟು, ಅದೂ ರಾತ್ರಿಯಿಡೀ ನಿದ್ದೆಗೆಟ್ಟು ಹತ್ತಿದ ಮೇಲೆ. ನಾನು ಅತ್ತದ್ದು ಹತ್ತುವಾಗಲ್ಲ, ಅಲ್ಲಿ. ಎರಡು ಊರುಗೋಲು ಬೇಕೇ ಬೇಕು, ಒಂದು ಸಾಲದು. ಈಗಿನಿಂದ ಇಳಿಯುವುದನ್ನು ಅಭ್ಯಾಸ ಮಾಡಿ. ಚಾಮುಂಡಿ ಹತ್ತಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದರೆ ಅದನ್ನು ಬಿಡಿ.

ಹೆಂಗಸರಿಗೆ ಇನ್ನೊಂದು ಮಾತು: ಶಿಬಿರಗಳಲ್ಲಿರುವುದು ಗುಂಡಿ ಶೌಚಾಲಯ. ಸಣ್ಣ ಡೇರೆಯ ಖಾಸಗಿ ಶೌಚಾಲಯಕ್ಕೆ ಬೇರೆ ಹಣ ಕೇಳುತ್ತಾರೆ, ಕೊಟ್ಟುಬಿಡಿ. ಮೇಲೆ ಹೇಳಿದ ಮಾತ್ರೆ ನುಂಗುತ್ತೀರೆಂದರೆ ಯೋಚಿಸುವುದೇ ಬೇಡ.

ಮೂಡಿಗೆರೆಯಿಂದ, ಕಾಫಿ ಬೆಳೆಗಾರ

ಊಟಕ್ಕೆ ಹೆದರಬೇಡಿ. ಬೆಟ್ಟದ ತಪ್ಪಲಲ್ಲಿರುವ ಚಗ್ಗಾ ಜನರ ತೋಟ ನೋಡಿದರೆ ನಮ್ಮ ಕಡೆಯದೇ ಅನ್ನಿಸುತ್ತದೆ: ಮೇಲೆ ದೊಡ್ಡ ಮರ, ನಡುವೆ ಬಾಳೆ, ಕೆಳಗೆ ಕಾಫಿ, ಬದಿಯಲ್ಲಿ ಹಳೆಯ ಕಾಲುವೆಯ ನೀರು. ಶಿಬಿರದಲ್ಲಿ ಬೆಳಿಗ್ಗೆ ‘ಉಜಿ’ ಎಂಬ ಗಂಜಿ ಕೊಟ್ಟರು. ಬಣ್ಣ ನೋಡಿ ಅನುಮಾನ ಬಂತು, ಬಾಯಿಗಿಟ್ಟರೆ ರಾಗಿ! ಅಲ್ಲಿ ಅದಕ್ಕೆ ‘ಉಲೇಜಿ’ ಎನ್ನುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡೇ ಅಂತೆ, ಹಾಗಾದರೆ ನಾವೇ ಅವರ ನೆಂಟರು. ನಾನು ಸಕ್ಕರೆ ಬೇಡವೆಂದು ಉಪ್ಪು ಕೇಳಿದಾಗ ಅಡುಗೆಯವನು ನನ್ನನ್ನು ನೋಡಿದ ನೋಟ ಮರೆಯಲಾರೆ. 4,000 ಮೀಟರ್ ಮೇಲೆ ಹಸಿವು ಸಾಯುತ್ತದೆ, ಹಾಗಾಗಿ ನಾಲಿಗೆಗೆ ಖಾರದ್ದೇನಾದರೂ ಇರಲಿ. ನಮ್ಮ ಡೇರೆಯಲ್ಲಿ ನಿಂಬೆ ಉಪ್ಪಿನಕಾಯಿಯ ಬಾಟಲಿಗೆ ಜರ್ಮನ್ನರು ಸಾಲು ನಿಂತಿದ್ದರು. ಕಟ್ಟಿಕೊಂಡು ಹೋಗಲು ಪ್ಲಾಸ್ಟಿಕ್ ಕೈಚೀಲ ಮಾತ್ರ ಬೇಡ, 2019ರ ಜೂನ್‌ನಿಂದ ಆ ದೇಶದಲ್ಲಿ ಅದಕ್ಕೆ ನಿಷೇಧವಿದೆ.

ಅಗ್ಗದ ದರ ಕಂಡರೆ ಒಂದು ಪ್ರಶ್ನೆ ಕೇಳಿ: ಪೋರ್ಟರುಗಳಿಗೆ ದಿನಕ್ಕೆಷ್ಟು ಕೊಡುತ್ತೀರಿ? ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿ ಸರ್ಕಾರಕ್ಕೆ ಹೋಗುತ್ತದೆ, ಅದರಲ್ಲಿ ಯಾರೂ ಕಡಿಮೆ ಮಾಡಲಾರರು. ಕಡಿತ ಬೀಳುವುದು ಹೊರೆ ಹೊರುವವನ ಕೂಲಿಗೆ, ಇಲ್ಲವೇ ನಿಮ್ಮ ದಿನಗಳಿಗೆ. ನಾವು ಮೊದಲ ಸಲ ಮಾತಾಡಿದ ಸಂಸ್ಥೆ ಈ ಪ್ರಶ್ನೆಗೆ ಉತ್ತರವನ್ನೇ ಬರೆಯಲಿಲ್ಲ, ಬಿಟ್ಟೆವು. ಮೋಶಿಯಲ್ಲಿ ಪೋರ್ಟರುಗಳ ಪರವಾಗಿ ಕೆಲಸ ಮಾಡುವ ‘ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್’ ಇದೆ, ಅದರ ಜೊತೆಗಿರುವ ಸಂಸ್ಥೆಗಳ ಪಟ್ಟಿ ನೋಡಿ ಆರಿಸಿ.

ಕೇಳಿದವರು

ಎಂಟು ದಿನ ಎಂದು ಇವತ್ತೇ ಹೇಳಿಬಿಟ್ಟೆ. ಬೆಟ್ಟದಿಂದ ಬಸ್ಸಿನಲ್ಲಿ ಇಳಿಯುತ್ತಿದ್ದದ್ದು ಮಂಗಳೂರಿನವರಿಗೆ ಹೇಗೆ ಗೊತ್ತಾಯಿತೋ! ಯಜಮಾನರು ಆಗಲೇ ಮನೆಯೊಳಗೆ ಪೋಲೆ ಪೋಲೆ ಶುರುಮಾಡಿದ್ದಾರೆ, ಅದೂ ತರಕಾರಿ ತರಲು ಹೇಳಿದಾಗ ಮಾತ್ರ. ಕೊನೆಯದಾಗಿ, ಶಿಖರದ ರಾತ್ರಿಯ ಚಳಿಗೆ ದಪ್ಪ ಜಾಕೆಟ್ ಕೊಳ್ಳಲೇಬೇಕೇ? ಮೈಸೂರಿನಲ್ಲಿ ಆಮೇಲೆ ಅದನ್ನು ಯಾವಾಗ ಹಾಕುವುದು?

ಹುಬ್ಬಳ್ಳಿಯಿಂದ

ಕೊಳ್ಳಬೇಡಿ. ಮೈನಸ್ ಹದಿನೈದರ ಗಾಳಿಗೆ ಆಗುವಂಥದ್ದು ಮೋಶಿಯಲ್ಲಿ ಬಾಡಿಗೆಗೆ ಸಿಗುತ್ತದೆ, ನಿಮಗೆ ಅದನ್ನೇ ತೆಗೆದುಕೊಳ್ಳಿ. ಕೈಗವಸು ಮಾತ್ರ ಸ್ವಂತದ್ದು ಒಳ್ಳೆಯದು ಕೊಳ್ಳಿ. ಆ ರಾತ್ರಿ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ, ಮಂಜು ಮೇಲಿನಿಂದ ಕಟ್ಟುತ್ತದೆ, ಮುಚ್ಚಳ ತೆರೆಯಲು ಬರಬೇಕಲ್ಲ. ಮೊಬೈಲನ್ನು ಒಳಅಂಗಿಗೆ ತಾಗಿಸಿಕೊಳ್ಳಿ, ಇಲ್ಲವಾದರೆ ತುದಿಯಲ್ಲಿ ಚಾರ್ಜ್ ಇರುವುದಿಲ್ಲ. ಯಜಮಾನರ ಅಳತೆ ನನ್ನಷ್ಟೇ ಆದರೆ ನನ್ನ ಜಾಕೆಟ್ ಕಳಿಸುತ್ತೇನೆ. ಜೇಬಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಆ ಕರಿ ಬೂದಿ ಇದೆ, ಕೊಡವಬೇಡಿ.