ಫೋಟಾನಿಕ್ ಕ್ರಿಸ್ಟಲ್ ಸಿಮ್ಯುಲೇಶನ್: ಮಾಡಿದವರು ಸ್ವಲ್ಪ ದಾರಿ ಹೇಳಿ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಫೋಟಾನಿಕ್ ಕ್ರಿಸ್ಟಲ್ (ಎರಡು ವಸ್ತುಗಳು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ, ಬೆಳಕನ್ನು ತಡೆಯಬಲ್ಲ ರಚನೆ) ತಗೊಂಡಿದ್ದೇನೆ. ಚೌಕದ ಲ್ಯಾಟಿಸ್‌ನಲ್ಲಿ ರಾಡ್‌ಗಳು, ಸುತ್ತ ಗಾಳಿ, 2ಡಿ. ಬ್ಯಾಂಡ್‌ಗ್ಯಾಪ್ (ಬೆಳಕು ದಾಟಲಾಗದ ಫ್ರೀಕ್ವೆನ್ಸಿಗಳ ವ್ಯಾಪ್ತಿ) ಬರಬೇಕಿತ್ತು, ಬರುತ್ತಿಲ್ಲ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಹಾಗಿಲ್ಲ, ಇರುವುದು 8 ಜಿಬಿ ಲ್ಯಾಪ್‌ಟಾಪ್. ಎಲ್ಲಿಂದ ಶುರು ಮಾಡಲಿ?

—

2ಡಿಗೆ 8 ಜಿಬಿ ಧಾರಾಳವಾಯಿತು. ಮೊದಲು ಇದನ್ನು ನೋಡಿ: ಬೆಳಕಿನ ಎರಡು ಪೋಲರೈಸೇಶನ್‌ಗಳಲ್ಲಿ ನೀವು ಓಡಿಸುತ್ತಿರುವುದು ಟಿಇನಾ, ಟಿಎಂನಾ? ಗಾಳಿಯಲ್ಲಿ ನಿಂತ ರಾಡ್‌ಗಳಲ್ಲಿ ದೊಡ್ಡ ಗ್ಯಾಪ್ ಸಿಗುವುದು ಎಲೆಕ್ಟ್ರಿಕ್ ಫೀಲ್ಡ್ ರಾಡ್‌ನ ಉದ್ದಕ್ಕೆ ಇದ್ದಾಗ. ಎಂಪಿಬಿ, ಮೀಪ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ಎರಡರಲ್ಲೂ ಅದು ಟಿಎಂ. ಕೆಲವು ಪೇಪರ್‌ಗಳಲ್ಲಿ ಇದೇ ಹೆಸರು ಉಲ್ಟಾ ಇರುತ್ತದೆ, ಹಾಗಾಗಿ ಹೆಸರು ಬಿಟ್ಟು ಫೀಲ್ಡ್ ಯಾವ ದಿಕ್ಕಿಗಿದೆ ಅಂತ ನೋಡಿ. ಕಾರಣ ತಿಳಿದರೆ ಮರೆಯುವುದಿಲ್ಲ. ಮೊದಲ ಬ್ಯಾಂಡಿನ (ಕ್ರಿಸ್ಟಲ್‌ನಲ್ಲಿ ಸಾಗಬಲ್ಲ ಅತಿ ಕಡಿಮೆ ಫ್ರೀಕ್ವೆನ್ಸಿಗಳ ಗುಂಪು) ಫೀಲ್ಡ್ ರಾಡ್‌ನ ಒಳಗೇ ಸೇರಿಕೊಳ್ಳುತ್ತದೆ, ಎರಡನೆಯದಕ್ಕೆ ರಾಡ್‌ನ ನಡುವೆ ಸೊನ್ನೆ ಇರಲೇಬೇಕು, ಅದರ ಶಕ್ತಿ ಜಾಸ್ತಿ ಗಾಳಿಗೆ ಹೋಗುತ್ತದೆ, ಎರಡರ ಫ್ರೀಕ್ವೆನ್ಸಿ ದೂರವಾಗುತ್ತದೆ. ಟಿಇನಲ್ಲಿ (ಎಲೆಕ್ಟ್ರಿಕ್ ಫೀಲ್ಡ್ ರಾಡ್‌ಗೆ ಅಡ್ಡ ಇದ್ದಾಗ) ಫೀಲ್ಡ್ ರೇಖೆಗಳು ಒಂದು ರಾಡ್‌ನಿಂದ ಇನ್ನೊಂದಕ್ಕೆ ಹೋಗಲು ಗಾಳಿ ದಾಟಲೇಬೇಕು, ಆ ವ್ಯತ್ಯಾಸ ಉಳಿಯುವುದಿಲ್ಲ. ಸಿಲಿಕಾನ್‌ನಲ್ಲಿ ತೂತು ಕೊರೆದ ರಚನೆಯಾದರೆ ಟಿಇಗೇ ಗ್ಯಾಪ್ ಸುಲಭ.

ನಿಮ್ಮ ಸ್ವಂತ ಡಿಸೈನಿಗೆ ಈಗಲೇ ಕೈ ಹಾಕಬೇಡಿ. ಎಲ್ಲರಿಗೂ ಗೊತ್ತಿರುವ ಒಂದು ಕೇಸ್ ಮೊದಲು ಬರಲಿ: ರಾಡ್‌ನ ಎಪ್ಸಿಲಾನ್ (ಡೈಎಲೆಕ್ಟ್ರಿಕ್ ಸ್ಥಿರಾಂಕ) 8.9, ತ್ರಿಜ್ಯ 0.2 ಎ (ಎ ಅಂದರೆ ಪಕ್ಕಪಕ್ಕದ ಎರಡು ರಾಡ್‌ಗಳ ನಡುಬಿಂದುಗಳ ಅಂತರ), ಟಿಎಂ. ಒಂದನೇ ಮತ್ತು ಎರಡನೇ ಬ್ಯಾಂಡಿನ ನಡುವೆ ಸುಮಾರು 0.32ರಿಂದ 0.44ರವರೆಗೆ ಗ್ಯಾಪ್ ಕಾಣಬೇಕು, ಸಿ/ಎ ಯೂನಿಟ್‌ನಲ್ಲಿ (ಸಿ ಅಂದರೆ ಬೆಳಕಿನ ವೇಗ). ಅದು ಬರಲಿಲ್ಲ ಅಂದರೆ ತಪ್ಪು ಸ್ಕ್ರಿಪ್ಟ್‌ನಲ್ಲಿದೆ, ಫಿಸಿಕ್ಸ್‌ನಲ್ಲಲ್ಲ.

—

ಸಾಫ್ಟ್‌ವೇರ್ ಬಗ್ಗೆ ನನ್ನ ಅನುಭವ. ಎಂಪಿಬಿ, ಮೀಪ್ ಎರಡೂ ಎಂಐಟಿಯಲ್ಲಿ ಹುಟ್ಟಿದವು, ಎರಡೂ ಉಚಿತ. ಕೊಂಡಾ-ಫೋರ್ಜ್‌ನಲ್ಲಿ (ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಉಚಿತ ಭಂಡಾರ) ಪೈಮೀಪ್ ಹಾಕಿಕೊಂಡರೆ ಎರಡೂ ಬರುತ್ತವೆ. ವಿಂಡೋಸ್ ಇದ್ದರೆ ಡಬ್ಲ್ಯೂಎಸ್ಎಲ್ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಒಳಗೆ ಹಾಕಿ, ಸುಮ್ನೆ ತಲೆನೋವು ಬೇಡ. ಬ್ಯಾಂಡ್ ಡಯಾಗ್ರಾಂ ಬೇಕಾದರೆ ಎಂಪಿಬಿ. ಬೆಳಕು ಎಷ್ಟು ದಾಟಿತು, ಕ್ಯಾವಿಟಿಯ ಕ್ಯೂ (ಬೆಳಕನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಅನ್ನುವ ಅಳತೆ) ಎಷ್ಟು ಅನ್ನುವುದಕ್ಕೆ ಮೀಪ್. ಮೀಪ್‌ನಲ್ಲೂ ಬ್ಯಾಂಡ್ ತೆಗೆಯಬಹುದು, ಆದರೆ ಸೋರ್ಸನ್ನು ಯೂನಿಟ್ ಸೆಲ್‌ನ ಸರಿ ಮಧ್ಯೆ ಇಡಬೇಡಿ, ಅಲ್ಲಿ ಸೊನ್ನೆ ಇರುವ ಮೋಡ್‌ಗಳು ಏಳುವುದೇ ಇಲ್ಲ, ನೀವು ಬ್ಯಾಂಡೇ ಇಲ್ಲ ಅಂದುಕೊಳ್ಳುತ್ತೀರಿ.

ಟ್ರಾನ್ಸ್‌ಮಿಷನ್‌ಗೆ ಎರಡು ರನ್ ಬೇಕು. ಮೊದಲು ಕ್ರಿಸ್ಟಲ್ ಇಲ್ಲದೆ, ಆಮೇಲೆ ಕ್ರಿಸ್ಟಲ್ ಇಟ್ಟು, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಇನ್ನೊಂದು: ಕ್ರಿಸ್ಟಲ್ಲನ್ನು ಪಿಎಂಎಲ್ (ಅಂಚಿಗೆ ಬಂದ ಬೆಳಕನ್ನು ಹೀರಿಕೊಳ್ಳುವ ಪದರ) ಒಳಗೆ ನುಗ್ಗಿಸಿದರೆ ಪಿಎಂಎಲ್ ತನ್ನ ಕೆಲಸ ಮಾಡುವುದಿಲ್ಲ, ಬೆಳಕು ವಾಪಸ್ ಬರುತ್ತದೆ. ರಾಡ್‌ಗಳು ಮುಗಿದ ಮೇಲೆ ಸ್ವಲ್ಪ ಗಾಳಿ ಬಿಟ್ಟು ಪಿಎಂಎಲ್ ಹಾಕಿ. ವೇವ್‌ಗೈಡ್ ಅಂಚಿನವರೆಗೂ ಹೋಗಲೇಬೇಕಾದರೆ ನಿಧಾನವಾಗಿ ಏರುವ ದಪ್ಪ ಅಬ್ಸಾರ್ಬರ್ ಒಳ್ಳೆಯದು.

ರೆಸಲ್ಯೂಶನ್ (ಒಂದು ಎ ಉದ್ದಕ್ಕೆ ಎಷ್ಟು ಪಿಕ್ಸೆಲ್ ಅನ್ನುವುದು) 16, 32, 64 ಮಾಡಿ ಗ್ಯಾಪ್‌ನ ಅಂಚು ಎಷ್ಟು ಜರುಗುತ್ತದೆ ನೋಡಿ, ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. 3ಡಿಗೆ ಆಸೆಪಡುವ ಮುಂಚೆ ಲೆಕ್ಕ ಹಾಕಿ: ಮೀಪ್‌ನಲ್ಲಿ ರೆಸಲ್ಯೂಶನ್ ಎರಡು ಪಟ್ಟಾದರೆ ಮೆಮೊರಿ 8 ಪಟ್ಟು, ಟೈಮ್ ಸ್ಟೆಪ್ಪೂ ಸಣ್ಣದಾಗುವುದರಿಂದ ಸಮಯ 16 ಪಟ್ಟು.

—

ನಿಮ್ಮ ಡಿಪಾರ್ಟ್‌ಮೆಂಟ್‌ನಲ್ಲಿ ಎಕ್ಸ್-ಬ್ಯಾಂಡ್ (ಸುಮಾರು 8ರಿಂದ 12 ಗಿಗಾಹರ್ಟ್ಸ್) ಮೈಕ್ರೋವೇವ್ ಬೆಂಚ್ ಇದೆಯಾ? ಇದ್ದರೆ ನಿಮ್ಮ ಪ್ರಾಜೆಕ್ಟ್‌ಗೆ ಕಳೆ ಬರುತ್ತದೆ. ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ತನ್ನದೇ ಅಳತೆ ಅಂತ ಇಲ್ಲ, ಅದಕ್ಕೇ ಎ=1 ಇಟ್ಟು ಲೆಕ್ಕ ಮಾಡುವುದು. 1550 ನ್ಯಾನೋಮೀಟರ್‌ಗೆ ಗ್ಯಾಪ್‌ನ ಮಧ್ಯ ತರಬೇಕು ಅಂದರೆ 0.38 ಗುಣಿಸು 1550, ಅಂದರೆ ಎ ಸುಮಾರು 590 ನ್ಯಾನೋಮೀಟರ್, ಅದನ್ನು ಮಾಡಲು ಕ್ಲೀನ್‌ರೂಮ್ ಬೇಕು. ಅದೇ 10 ಗಿಗಾಹರ್ಟ್ಸ್‌ಗೆ ಎ ಬರುವುದು 11.4 ಮಿಲಿಮೀಟರ್, ರಾಡ್‌ನ ವ್ಯಾಸ 4.6 ಮಿಲಿಮೀಟರ್. ಇದನ್ನು ಕೈಯಲ್ಲೇ ಜೋಡಿಸಬಹುದು ಅಲ್ವಾ! ಎಪ್ಸಿಲಾನ್ 8.9 ಅನ್ನುವುದು ಮೈಕ್ರೋವೇವ್‌ನಲ್ಲಿ ಅಲ್ಯುಮಿನಾದ್ದೇ ಬೆಲೆ. ಗ್ಯಾಪ್ ಸುಮಾರು 8.4ರಿಂದ 11.6 ಗಿಗಾಹರ್ಟ್ಸ್‌ಗೆ ಬೀಳುತ್ತದೆ, ನಿಮ್ಮ ಬೆಂಚಿನ ವ್ಯಾಪ್ತಿಯ ಬಹುಪಾಲು ಅದೇ. ಹಾರ್ನ್‌ನಿಂದ (ಮೈಕ್ರೋವೇವ್ ಹೊರಬಿಡುವ ಕಹಳೆಯಾಕಾರದ ಆಂಟೆನಾ) ಬರುವ ಎಲೆಕ್ಟ್ರಿಕ್ ಫೀಲ್ಡ್ ರಾಡ್‌ಗೆ ಸಮಾನಾಂತರವಾಗಿ ಇರುವಂತೆ ಮೊದಲು ಅಳೆಯಿರಿ, ಆಮೇಲೆ ರಾಡ್‌ಗಳನ್ನು 90 ಡಿಗ್ರಿ ಮಲಗಿಸಿ ಮತ್ತೆ ಅಳೆಯಿರಿ. ಮೇಲೆ ಟಿಇ, ಟಿಎಂ ಬಗ್ಗೆ ಹೇಳಿದ್ದು ಮೀಟರ್‌ನಲ್ಲೇ ಕಾಣುತ್ತದೆ. ರಾಡ್ ಎಷ್ಟು ಉದ್ದ, ಎಷ್ಟು ಸಾಲು ಬೇಕು ಅನ್ನುವುದಕ್ಕೆ ಮೀಪ್‌ನಲ್ಲಿ 4 ಸಾಲಿನಿಂದ ಶುರು ಮಾಡಿ, ಸಾಲು ಹೆಚ್ಚಿಸುತ್ತಾ ನಿಮ್ಮ ಡಿಟೆಕ್ಟರ್ ಗುರುತಿಸುವಷ್ಟು ಸಿಗ್ನಲ್ ಕುಸಿಯುವುದು ಎಲ್ಲಿ ಅಂತ ನೋಡಿ. ರಾಡ್ ಉದ್ದ ಹಾರ್ನ್‌ನ ಬಾಯಿಗಿಂತ ಸಾಕಷ್ಟು ಜಾಸ್ತಿ ಇರಲಿ, ಇಲ್ಲದಿದ್ದರೆ ಮೇಲಿಂದ ಕೆಳಗಿಂದ ಸುತ್ತಿ ಬರುವ ಅಲೆಗಳು ಗ್ಯಾಪನ್ನು ಮುಚ್ಚಿಬಿಡುತ್ತವೆ.